ಕಿಟಿಕಿಟಿ ಪೆಟ್ಟಿಗೆಯ ಬಾಯಿ

ನಾನು ಒಂದು ವಿಕಿರಣ ಮಾಪಕ. ಹೆಸರು ಕೇಳಿದರೆ ದೊಡ್ಡ ಮನೆತನದವನು ಅನ್ನಿಸಬಹುದು. ನೋಡಿದರೆ ಊಟದ ಡಬ್ಬಿಯಷ್ಟು ಗಾತ್ರ, ಹಳದಿ ಬಣ್ಣ, ಮೇಲೊಂದು ಹಿಡಿಕೆ, ಎದೆಯ ಮೇಲೆ ಗಾಜಿನ ಕಿಟಕಿ, ಅದರೊಳಗೆ ನಡುಗುವ ಒಂದು ಮುಳ್ಳು. ಕೈಗೆ ಸಿಕ್ಕವರೆಲ್ಲ ನನ್ನನ್ನು ಕಿಟಿಕಿಟಿ ಪೆಟ್ಟಿಗೆ ಎಂದೇ ಕರೆದರು. ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಸುಮ್ಮನಿರಲು ಬರುವುದಿಲ್ಲ.

ದೂರದ ದೊಡ್ಡ ಊರಿನ ಕಾರ್ಖಾನೆಯೊಂದರಲ್ಲಿ ನನ್ನ ಜನನ. ಬೆರಳಿನಷ್ಟು ದಪ್ಪದ ಕೊಳವೆಯೊಳಗೆ ಹೆಣ್ಣುಮಗಳೊಬ್ಬಳು ಕೂದಲಿನಂಥ ತಂತಿ ಎಳೆದು, ಒಂದಿಷ್ಟು ಅನಿಲ ತುಂಬಿ, ಭದ್ರವಾಗಿ ಮುಚ್ಚಿದಳು. ಅದು ನನ್ನ ಕಿವಿ. ಕಣ್ಣಿಗೆ ಕಾಣದ, ಮೂಗಿಗೆ ಹತ್ತದ ಕಿರಣವೊಂದು ಆ ಕೊಳವೆಯನ್ನು ಹೊಕ್ಕರೆ ಒಳಗೆ ಮಿಣಕ್ ಅನ್ನುತ್ತದೆ, ಹೊರಗೆ ಸ್ಪೀಕರಿನಲ್ಲಿ ಕಿಟ್ ಅನ್ನುತ್ತದೆ. ಸ್ಪೀಕರು ನನ್ನ ಬಾಯಿ. ಬಾಯಿ ಮುಚ್ಚಿಸಲು ಪಕ್ಕದಲ್ಲೊಂದು ಗುಂಡಿ ಇಟ್ಟರು. ಕಿವಿ ಮುಚ್ಚಲು ಏನನ್ನೂ ಇಡಲಿಲ್ಲ. ನನ್ನ ಬದುಕಿನ ತಾಪತ್ರಯವೆಲ್ಲ ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಮೊದಲ ಸಲ ಸೆಲ್ ಹಾಕಿದಾಗ ಹತ್ತಿರದಲ್ಲಿ ಏನೂ ಇರಲಿಲ್ಲ. ಆದರೂ ಕಿಟ್ ಅಂದೆ. ತುಸು ತಡೆದು ಮತ್ತೆ ಕಿಟ್, ಕಿಟ್. ಹುಟ್ಟುತ್ತಲೇ ರೋಗ ಬಂತೇ ಎಂದು ಹೆದರಿದೆ. ಪರೀಕ್ಷೆ ಮಾಡುತ್ತಿದ್ದ ಮುದುಕ ನಕ್ಕ. ಮಣ್ಣು, ಕಲ್ಲು, ಆಕಾಶ ಎಲ್ಲವೂ ಚೂರುಪಾರು ಕಿರಣ ಬಿಡುತ್ತಲೇ ಇರುತ್ತವೆ, ಈ ಭೂಮಿಯ ಮೇಲೆ ಸೊನ್ನೆ ಅನ್ನುವ ಜಾಗವೇ ಇಲ್ಲ ಎಂದು ಪಕ್ಕದವನಿಗೆ ಹೇಳಿದ. ನಾನು ಕೇಳಿಸಿಕೊಂಡೆ. ಆಮೇಲೆ ನನ್ನನ್ನು ಕೊಂಡವರು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ನನ್ನ ಮೊದಲ ಧಣಿ ಮುರಿಗೆಪ್ಪ ಸಾಹುಕಾರ. ಕೆಂಪು ಗ್ರಾನೈಟಿನ ಕ್ವಾರಿ ಅವನದು. ಪರದೇಶದ ಗಿರಾಕಿಗಳು ಕಲ್ಲಿನ ವಿಕಿರಣ ಅಳೆದು ತೋರಿಸು ಅಂದರಂತೆ, ಅದಕ್ಕೆ ನನ್ನನ್ನು ತರಿಸಿದ್ದ. ಕೆಂಪು ಕಲ್ಲು ಬೇರೆ ಕಲ್ಲಿಗಿಂತ ತುಸು ಹೆಚ್ಚು ಮಾತಾಡುತ್ತದೆ. ಅದು ಅದರ ಹುಟ್ಟುಗುಣ, ಯಾರಿಗೂ ಕೇಡಿಲ್ಲ. ಆದರೆ ಬಂಡೆಯ ಹತ್ತಿರ ಒಯ್ದ ಕೂಡಲೇ ನಾನು ಉತ್ಸಾಹದಿಂದ ಕಿಟಿಕಿಟಿ ಶುರುಮಾಡಿದ್ದು ಸಾಹುಕಾರನ ಪಿತ್ತ ನೆತ್ತಿಗೇರಿಸಿತು.

"ಲೇ, ಇದು ನನ್ನ ಕಲ್ಲಿಗೆ ಬೈಯಾಕತ್ತೈತಲೋ! ಬಾಯಿ ಮುಚ್ಚಸ್ರಿ ಮೊದಲ!" ಎಂದು ಕೂಗಾಡಿದ.

ಗುಮಾಸ್ತ ಗುಂಡಿ ಒತ್ತಿದ. ಸಾಲದು ಅಂತ ಸ್ಪೀಕರಿಗೆ ಹತ್ತಿ ತುರುಕಿದ. ಗಿರಾಕಿಗಳ ಕೆಲಸ ಮುಗಿದ ಮೇಲೆ ನನ್ನನ್ನು ಕಪಾಟಿಗೆ ಸೇರಿಸಿದರು. ಅಲ್ಲಿ ವರ್ಷಗಟ್ಟಲೆ ಬಿದ್ದಿದ್ದೆ. ಸೆಲ್ ಇಲ್ಲದಿದ್ದರೆ ನಾನು ಬರೀ ಡಬ್ಬಿ ನಿಜ, ಆದರೆ ಡಬ್ಬಿಗೂ ಚಡಪಡಿಕೆ ಇರುತ್ತದೆ.

ಒಂದು ಮಳೆಗಾಲ ಹೊಳೆಯಾಚೆಯ ಹಂಸಗುಡ್ಡದ ಅಣುಸ್ಥಾವರದಲ್ಲಿ ಅಪಘಾತವಾಯಿತು. ಗಾಳಿ ಇತ್ತ ಕಡೆಯೇ ಬೀಸಿತು, ಅದರ ಬೆನ್ನಿಗೇ ಮಳೆ ಬಂತು. ಮನೆಯ ಮಾಳಿಗೆ, ಅಂಗಳ, ಗಿಡದ ಎಲೆ ಎಲ್ಲದರ ಮೇಲೂ ಕಾಣದ ಧೂಳು ಇಳಿಯಿತು. ಶಾಲೆಗಳಿಗೆ ಬೀಗ ಬಿತ್ತು. ಅಳೆಯುವ ಯಂತ್ರ ಯಾರ ಹತ್ತಿರ ಇದ್ದರೂ ತಂದೊಪ್ಪಿಸಬೇಕೆಂದು ಜಿಲ್ಲಾಡಳಿತ ಡಂಗುರ ಹೊಡೆಸಿತು. ಸಾಹುಕಾರ ನನ್ನನ್ನು ತಾನೇ ತಂದುಕೊಟ್ಟು, ಹಾರ ಹಾಕಿಸಿಕೊಂಡು ಹೋದ. ಹತ್ತಿ ತೆಗೆಯುವುದನ್ನು ಮಾತ್ರ ಮರೆತಿದ್ದ.

ಆ ಹತ್ತಿಯನ್ನು ಹೇರ್‌ಪಿನ್ನಿನಿಂದ ಕೆದರಿ ತೆಗೆದವಳು ನೀಲಗಂಗಾ. ಹೈಸ್ಕೂಲಿನ ವಿಜ್ಞಾನದ ಟೀಚರು. ಆ ಸೀಮೆಯಲ್ಲಿ ಹೆಣ್ಣು ಟೀಚರನ್ನು ಅಕ್ಕೋರು ಅನ್ನುತ್ತಾರೆ. ಶಾಲೆಗಳನ್ನು ಅಳೆಯುವ ಕೆಲಸಕ್ಕೆ ಅಕ್ಕೋರನ್ನು ಹಾಕಿದ್ದರು. ನನ್ನನ್ನು ಕೊರಳಿಗೆ ನೇತುಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಊರೂರು ತಿರುಗಿದಳು. ಕೋಲಿನ ಮೇಲೆ ಎರಡು ಗುರುತು. ಹೈಸ್ಕೂಲಾದರೆ ಮೇಲಿನ ಗುರುತಿನ ಎತ್ತರಕ್ಕೆ ನನ್ನನ್ನು ಹಿಡಿಯಬೇಕು, ಸಣ್ಣ ಮಕ್ಕಳ ಶಾಲೆಯಾದರೆ ಕೆಳಗಿನದಕ್ಕೆ. ಅಂಗಳದಲ್ಲಿ ಐದು ಕಡೆ, ಪಡಸಾಲೆಯ ನಡುವೆ ಒಂದು ಕಡೆ, ಪ್ರತಿ ಕೋಣೆಯಲ್ಲಿ ಒಂದು ಕಡೆ ನಿಂತು, ಮುಳ್ಳು ನೆಲೆ ನಿಲ್ಲುವತನಕ ಕಾದು ಓದಬೇಕು. ಅವಳಿಗೋ ಕಾಯುವುದೆಂದರೆ ಆಗದು. ಕಾಲು ಕುಣಿಸುತ್ತ, ಸೆರಗಿನ ಗಂಟಿನಿಂದ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ, "ನಿಂದರಲೇ ಮುಳ್ಳೇ, ನಿಂದರು" ಎಂದು ನನ್ನನ್ನೇ ಗದರುವಳು. ನನಗೆ ಅವಳು ಬಹಳ ಹಿಡಿಸಿದಳು.

ಕೆಂಚನದಿನ್ನಿಯ ಪ್ರಾಥಮಿಕ ಶಾಲೆಗೆ ನಾವು ಮೊದಲ ಸಲ ಹೋದಾಗ ಊರಿಗೆ ಊರೇ ಕಂಪೌಂಡಿನ ಹೊರಗೆ ನೆರೆದಿತ್ತು. ಹೆಡ್ಮಾಸ್ತರ ಚನಮಲ್ಲಪ್ಪ ಅಕ್ಕೋರ ಹಿಂದೆ ಹಿಂದೆಯೇ ನಡೆದ. "ಸೊನ್ನಿ ಬಂತೇನ್ರಿ, ಅಕ್ಕೋರ?" ಎಂದು ಹೆಜ್ಜೆಗೊಮ್ಮೆ ಕೇಳಿದ.

"ಸೊನ್ನಿ ಎಲ್ಲೂ ಬರಂಗಿಲ್ರಿ ಸರ್. ಕಡಿಮಿ ಬಂದ್ರ ಸಾಕು."

ಗೋಡೆ ಹತ್ತಿ ಕೂತಿದ್ದ ಹುಡುಗಿಯೊಬ್ಬಳು ಕೂಗಿದಳು: "ನಮಗ ಸೊನ್ನಿ ಬಂದ್ರ ಫೇಲು, ಸಾಲಿಗೆ ಸೊನ್ನಿ ಬಂದ್ರ ಪಾಸು!" ಎಲ್ಲರೂ ನಕ್ಕರು. ಅಂದಿನಿಂದ ಆ ಊರಿನಲ್ಲಿ ಅದೇ ಮಾತಾಯಿತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅಂಗಳದಲ್ಲಿ ನಾನು ಒಂದೇ ಸಮನೆ ಕಿಟಿಗುಟ್ಟಿದೆ, ಅಲ್ಲಿ ಧೂಳು ಬಿದ್ದದ್ದು ನಿಜ. ಪಡಸಾಲೆಯ ಹತ್ತಿರ ಬಂದಾಗ ಸದ್ದು ತಗ್ಗಿತು, ಜನರ ಮುಖ ಅರಳಿತು. ಅಷ್ಟರಲ್ಲಿ ಅಕ್ಕೋರು ಬಾಗಿಲ ಮುಂದಿನ ಮೆಟ್ಟಿಲು ಹತ್ತಿದಳು. ಮೆಟ್ಟಿಲು ಕೆಂಪು ಗ್ರಾನೈಟಿನದು. ಮುರಿಗೆಪ್ಪ ಸಾಹುಕಾರ ದಾನ ಕೊಟ್ಟು ತನ್ನ ಹೆಸರು ಕೊರೆಸಿದ್ದ. ಹಳೆಯ ನೆಂಟ ಸಿಕ್ಕಂತೆ ನಾನು ಕಿಟಿಕಿಟಿಕಿಟಿ ಅಂದುಬಿಟ್ಟೆ.

"ಒಳಗೈತಿ! ಸಾಲಿ ಒಳಗೈತಿ!" ಎಂದು ಯಾರೋ ಕೂಗಿದರು. ಅದು ಕಲ್ಲಿನ ಗುಣ, ಹೆದರಬೇಡಿ ಎಂದು ಅಕ್ಕೋರು ಗಂಟಲು ಹರಿದುಕೊಂಡಳು. ಕೇಳುವವರು ಯಾರು? ಜನ ಮಕ್ಕಳನ್ನು ಎತ್ತಿಕೊಂಡು ದಿಕ್ಕಾಪಾಲಾಗಿ ಓಡಿದರು. ಗೇಟಿನ ಬಳಿ ಒಬ್ಬ ಬಾಣಂತಿ ಬಿದ್ದು ಕೈ ಮುರಿದುಕೊಂಡಳು. ಅಕ್ಕೋರು ಅವಳನ್ನು ಎತ್ತಿ ಕೂರಿಸಿ, ನನ್ನನ್ನು ಕೈಗೆತ್ತಿಕೊಂಡಳು.

"ನಿನ್ನ ಬಾಯಿ ಭಾಳಾತು ನೋಡು," ಅಂದಳು. ಗುಂಡಿ ಒತ್ತಿದಳು.

ಅಲ್ಲಿಂದ ಮುಂದೆ ನಾನು ಮೂಕ. ಯಾವ ಶಾಲೆಗೆ ಹೋದರೂ ಮುಳ್ಳು ಮಾತ್ರ ಆಡುತ್ತಿತ್ತು. ಅಳೆಯುವ ಜಾಗದಲ್ಲಿ ನಿಂತಾಗ ಅವಳು ಮುಳ್ಳು ನೋಡುವಳು. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವಾಗ ಅವಳ ಕಣ್ಣು ದಾರಿಯ ಮೇಲೆ, ನಾನು ಸೊಂಟದ ಹತ್ತಿರ ತೂಗಾಡುತ್ತಿದ್ದೆ. ಜನ ಗಾಬರಿಯಾಗುವುದು ನಿಂತಿತು. ಕೆಲಸ ಸಲೀಸಾಯಿತು.

ಕೆಂಚನದಿನ್ನಿಯ ಅಂಗಳದ ಮಣ್ಣನ್ನು ನಾಲ್ಕು ಬೆರಳು ಆಳ ಕೆರೆದು ಒಯ್ದರು, ಹೊಸ ಗರಸು ಹಾಸಿದರು. ಪಡಸಾಲೆ ಕನ್ನಡಿಯಂತೆ ಸ್ವಚ್ಛವಿದ್ದದ್ದರಿಂದ ಅದರ ತಂಟೆಗೆ ಹೋಗಲಿಲ್ಲ. ಅಷ್ಟರಲ್ಲಿ ಊರಿನ ಅರ್ಧ ಜನ ಗುಳೆ ಹೋಗಿದ್ದರು. ದಸರೆ ಮುಗಿಯುವುದರೊಳಗೆ ಶಾಲೆ ತೆರೆಯದಿದ್ದರೆ ಮಕ್ಕಳ ಹೆಸರನ್ನು ದೂರದ ಪಟ್ಟಣದ ವಸತಿಶಾಲೆಗೆ ವರ್ಗಾಯಿಸಿ, ಇಲ್ಲಿನ ಶಾಲೆಯನ್ನು ಮುಚ್ಚುವುದು ಎಂದು ಮೇಲಿನವರು ತೀರ್ಮಾನಿಸಿದ್ದರು. ಶಾಲೆ ಹೋದರೆ ಉಳಿದ ಅರ್ಧ ಊರೂ ಹೋದಂತೆ. ಚನಮಲ್ಲಪ್ಪ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ, ಸೋಮವಾರ ಶಾಲೆ ತೆರೆಯುವುದೆಂದು ಗೊತ್ತುಮಾಡಿಸಿಕೊಂಡ. ಅದಕ್ಕೆ ಮುಂಚಿನ ಶನಿವಾರ ನಾವು ಕೊನೆಯ ಸಲ ಅಳೆಯಲು ಹೋದೆವು. ಎಲ್ಲ ಸರಿಯಿದ್ದರೆ ಅಕ್ಕೋರು ಗೇಟಿಗೆ ಹಸಿರು ಹಲಗೆ ಕಟ್ಟಬೇಕು.

ಅಂಗಳದಲ್ಲಿ ಪೆಂಡಾಲು ಏಳುತ್ತಿತ್ತು. ಗೇಟಿನಿಂದ ಮೆಟ್ಟಿಲತನಕ ಸೆಗಣಿ ನೀರು ಚಿಮುಕಿಸಿ ರಂಗೋಲಿ ಹಾಕಿತ್ತು. ಹಾಕಿದವಳು ಕಾಶವ್ವ, ಬಿಸಿಯೂಟ ಮಾಡುವಾಕೆ. ಶಾಲೆಯ ಕಸ ಗುಡಿಸುವುದೂ ಅವಳ ಪಾಲಿನ ಕೆಲಸವೇ. ಅಂದು ಅವಳು ಪಡಸಾಲೆಯ ಒಂದು ಮೂಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಆ ಮೂಲೆಯಲ್ಲಿ ಹಾಸುಗಲ್ಲು ಒಡೆದು ಮಣ್ಣಿನ ನೆಲ ಇತ್ತು. ಅದನ್ನು ಸಾರಿಸಿ ಸಾರಿಸಿ ಗಟ್ಟಿ ಮಾಡಿದ್ದಳು, ಕೈಯಿಟ್ಟರೆ ನುಣ್ಣಗೆ ಜಾರುವಂತಿತ್ತು.

ಅಂಗಳದ ಐದೂ ಕಡೆ ಮುಳ್ಳು ತಗ್ಗಿನಲ್ಲೇ ನಿಂತಿತು. ಪಡಸಾಲೆಯ ನಡುವೆ ತಗ್ಗು. ಕೋಣೆಗಳಲ್ಲಿ ತಗ್ಗು. ಕೋಣೆಯಿಂದ ಕೋಣೆಗೆ ಹೋಗುವಾಗ ಅಕ್ಕೋರು ಕಾಶವ್ವನ ಪಕ್ಕದಿಂದಲೇ ಹಾದಳು. ಆಗ ನನ್ನ ಮುಳ್ಳು ಚಂಗನೆ ಜಿಗಿಯಿತು. ನೋಡು, ಇಲ್ಲಿ ನೋಡು ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಅವಳು ಶೇಂಗಾ ಸಿಪ್ಪೆ ಊದುತ್ತ ನಡೆದುಹೋದಳು. ಮರಳುವಾಗಲೂ ಹಾಗೆಯೇ. ಬಾಯಿ ಇದ್ದೂ ಕೂಗಲಾರದ ಸಂಕಟ ಎಂಥದೆಂದು ನನ್ನನ್ನು ಕೇಳಿ.

"ಎಲ್ಲಾ ಚಲೋ ಐತ್ರಿ ಸರ್. ಹಲಗಿ ತರಸ್ರಿ," ಅಂದಳು ಅಕ್ಕೋರು. ಚನಮಲ್ಲಪ್ಪನ ಕಣ್ಣಲ್ಲಿ ನೀರು ಬಂತು. ಪೆಂಡಾಲಿನವರಿಗೆಲ್ಲ ಚಹಾ ಹೇಳಿದ.

ಚಹಾ ಕುಡಿಯಲು ಅಕ್ಕೋರು ಪಡಸಾಲೆಯಲ್ಲೇ ಕೂತಳು. ನನ್ನನ್ನು ಕೊರಳಿನಿಂದ ತೆಗೆದು ಕಾಶವ್ವನ ಪಕ್ಕ, ಗೋಡೆಗೆ ಮುಖ ಮಾಡಿ ಇಟ್ಟಳು. ಮುಳ್ಳು ಬಲತುದಿಗೆ ಹೋಗಿ ಬಡಿದು ಅಲ್ಲೇ ನಿಂತಿತು. ನೋಡಿದ್ದು ಸುಣ್ಣದ ಗೋಡೆ ಮಾತ್ರ.

ಕಾಶವ್ವ ಮೊರ ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು. "ಅಕ್ಕೋರ, ಇದ್ಯಾಕ ಮೂಕಾಗೈತ್ರಿ? ಹೋದ ಸಲ ಬಾಯಿ ಮುಚ್ಚಿದ್ದಿಲ್ಲ. ಜಡ್ಡಾಗೈತೇನು?"

"ಜಡ್ಡಲ್ಲಬೇ. ಜನ ಅಂಜತಾರಂತ ದನಿ ಬಂದ್ ಮಾಡೇನಿ."

"ನಾ ಅಂಜಂಗಿಲ್ರಿ. ಒಮ್ಮೆ ಮಾತಾಡಸ್ರಿ ಅದನ್ನ. ಇಷ್ಟ ದಿನ ಸಾಲಿ ಗುಡಿಸಿ, ಸಾರಿಸಿ ಕಾಯ್ದೇನಿ. ಚಲೋ ಇಟ್ಟೀ ಕಾಶವ್ವ ಅಂತ ಅದರ ಬಾಯಿಲೇ ಕೇಳ್ಬೇಕಂತ ಆಸೆ ಐತ್ರಿ."

ಅಕ್ಕೋರು ನಕ್ಕಳು. ಚಹಾದ ಕಪ್ಪು ಒಂದು ಕೈಯಲ್ಲೇ ಇತ್ತು, ಇನ್ನೊಂದು ಕೈ ಚಾಚಿ ಗುಂಡಿ ಒತ್ತಿದಳು.

ನಾನು ಕಿರ್ರ್ ಎಂದು ಅರಚಿದೆ. ಬಿಡಿಬಿಡಿ ಸದ್ದಲ್ಲ, ಉಸಿರು ಕಟ್ಟಿ ಅರಚುವ ಒಂದೇ ಸದ್ದು. ಪೆಂಡಾಲಿನ ಮೇಲಿದ್ದವರು ಹಗ್ಗ ಬಿಟ್ಟು ನೋಡಿದರು. ಅಷ್ಟು ದಿನ ತಡೆದದ್ದು ಹೊರಬಂದ ಸುಖ ನನಗೆ. ಆಮೇಲೆ ಕಾಶವ್ವನ ಮುಖ ಕಂಡಿತು. ಹೊಗಳಿಕೆ ಕೇಳಲು ಮುಂದೆ ಚಾಚಿದ ಮುಖ ಹಾಗೆಯೇ ನಿಂತಿತ್ತು. ನನಗೆ ನಾಚಿಕೆಯಾಯಿತು. ಆದರೂ ಬಾಯಿ ಮುಚ್ಚಲಾಗಲಿಲ್ಲ.

ಅಕ್ಕೋರು ನನ್ನನ್ನು ಎತ್ತಿ ಅತ್ತಿತ್ತ ಆಡಿಸಿದಳು. ನಾಲ್ಕು ಹೆಜ್ಜೆ ಆಚೆ ಸುಮ್ಮನಾದೆ, ಮೂಲೆಗೆ ತಂದರೆ ಅರಚಿದೆ. "ಏಳು, ಕಾಶವ್ವ. ಮೊದಲ ಏಳು ಅಲ್ಲಿಂದ," ಅಂದಳು. "ಏನ ಮಾಡೀದಿ ಇಲ್ಲಿ?"

ಕಾಶವ್ವ ಹೇಳಿದಳು. ಶಾಲೆ ಮುಚ್ಚಿದ ಮೇಲೆ ಹಗಲೆಲ್ಲ ಅವಳು ಬೇರೆಯವರ ಹೊಲಕ್ಕೆ ಕೂಲಿ ಹೋಗುತ್ತಿದ್ದಳು. ಬೆಳಕು ಹರಿಯುವ ಮುಂಚೆ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ಆಗ ಬಂದು ಶಾಲೆಯ ಮಾಳಿಗೆ, ಮೆಟ್ಟಿಲು, ಪಡಸಾಲೆ ಗುಡಿಸುವಳು. ದೀಪ ಹಚ್ಚಿದ ಮೇಲೆ ಕಸ ಹೊಸ್ತಿಲು ದಾಟಿಸಬಾರದಲ್ಲ?

"ಮನ್ಯಾಗಾದ್ರ ಲಕ್ಷ್ಮಿ ಹೋಗ್ತಾಳ್ರಿ. ಸಾಲ್ಯಾಗ ಸರಸ್ವತಿ ಹೋಗ್ತಾಳ. ಮೊದಲ ಮುಚ್ಚಿದ ಸಾಲಿ, ಆಕೀನೂ ಹೋದ್ರ ಏನ ಗತಿ? ಅದಕ್ಕ ಎಲ್ಲಾ ಈ ಮೂಲ್ಯಾಗ ಕೂಡಿಸಿ, ಧೂಳ ಏಳಬಾರದಂತ ಮ್ಯಾಲ ಸೆಗಣಿ ಸಾರಸ್ತಿದ್ದೆ."

ದಿನಕ್ಕೊಂದು ಪದರ ಧೂಳು, ಅದರ ಮೇಲೊಂದು ಪದರ ಸೆಗಣಿ. ಮಳೆ ತಂದು ಮಾಳಿಗೆಯ ಮೇಲೆ ಸುರಿದದ್ದನ್ನೆಲ್ಲ ಅವಳು ಭಕ್ತಿಯಿಂದ ಒಂದೇ ಕಡೆ ಕೂಡಿಟ್ಟು ಮೆತ್ತಿದ್ದಳು.

ಚನಮಲ್ಲಪ್ಪ ಬೆವರು ಒರೆಸಿಕೊಂಡ. "ಅಕ್ಕೋರ, ಆ ಮೂಲಿ ನಿಮ್ಮ ಗುರುತಿನಾಗ ಇಲ್ಲಲ್ರೀ. ಪಡಸಾಲಿ ನಡುವ ಅಳದ್ರಿ, ಪಾಸ್ ಆತು. ಒಂದ ಚಾಪಿ ಹಾಸಿ ಮುಚ್ಚೋಣು. ಸೋಮವಾರ ತಪ್ಪಿದ್ರ ನಮ್ಮ ಸಾಲೀನ ಹೋಗ್ತೈತ್ರಿ." ಅವನು ಕೆಟ್ಟವನಲ್ಲ. ಮುಳುಗುವವನು ಹುಲ್ಲು ಹುಡುಕುತ್ತಿದ್ದ, ಅಷ್ಟೆ.

ಅಕ್ಕೋರು ಅವನ ಕಡೆ ತಿರುಗಿದಳು. "ಸರ್, ಒಂದನೇ ಕ್ಲಾಸ್ ಹುಡುಗ್ರು ಎಲ್ಲಿ ಕುಂತು ಉಣ್ತಾವ್ರಿ?"

ಕಾಶವ್ವನೇ ಹೇಳಿದಳು. "ಇಲ್ಲೇರಿ. ಗಾಳಿ ಬರ್ತೈತಿ, ನೆಲ ತಂಪಿರ್ತೈತಿ ಅಂತ ಸಣ್ಣವನ್ನ ನಾನ ಇಲ್ಲಿ ಕೂಡಸ್ತೇನಿ."

ಹಸಿರು ಹಲಗೆ ಗೇಟಿಗೆ ಏರಲಿಲ್ಲ. ಸೋಮವಾರ ಪೆಂಡಾಲು ಬಿಚ್ಚಿದರು. ಊರವರು ಅಕ್ಕೋರಿಗೆ ಹಿಡಿಶಾಪ ಹಾಕಿದರು, ಪೆಟ್ಟಿಗೆ ಕೆಟ್ಟಿದೆ, ಹೋದ ಸಲ ಕಲ್ಲಿಗೇ ಅರಚಿರಲಿಲ್ಲವೇ ಅಂದರು. ಅವಳು ಅಂದೂ ಬಂದಳು. ಈ ಸಲ ನನ್ನ ಬಾಯಿ ಮುಚ್ಚಲಿಲ್ಲ. ಎಲ್ಲರನ್ನೂ ಕರೆದು, ಮೊದಲು ಸಾಹುಕಾರನ ಮೆಟ್ಟಿಲ ಮೇಲೆ ನನ್ನನ್ನು ಇಟ್ಟಳು.

"ಕೇಳ್ರಿ. ಇದು ಕಲ್ಲಿನ ದನಿ. ಇದರಿಂದ ಏನೂ ಆಗಂಗಿಲ್ಲ. ಪೆಟ್ಟಿಗಿ ಕಿವಿ ನೆಟ್ಟಗೈತಿ ಅಂತ ಇದರಿಂದ ತಿಳ್ಕೋಬೇಕು. ಈಗ ಮೂಲಿ ದನಿ ಕೇಳ್ರಿ."

ಜನ ಕೇಳಿದರು. ಎರಡು ದನಿಗೂ ಇದ್ದ ಅಂತರ ತಿಳಿಯಲು ಯಾವ ಓದೂ ಬೇಕಿರಲಿಲ್ಲ. ಯಾರೂ ಓಡಲಿಲ್ಲ. ಆಮೇಲೆ ಅವಳು ಶಾಲೆಯ ಒಂದೊಂದು ಅಂಗುಲವನ್ನೂ ನನ್ನಿಂದ ಗುಡಿಸಿದಳು. ಆ ಮೂಲೆ ಬಿಟ್ಟರೆ ಬೇರೆಲ್ಲೂ ನಾನು ಅರಚಲಿಲ್ಲ.

ಮುಖಗವುಸು ಹಾಕಿದ ಕೆಲಸಗಾರರು ಬಂದು ಮೂಲೆಯನ್ನು ಅಗೆದು ಚೀಲಕ್ಕೆ ತುಂಬುವಾಗ ಕಾಶವ್ವ ಗೇಟಿನಾಚೆ ನಿಂತಿದ್ದಳು. ಅಕ್ಕೋರು ಹತ್ತಿರ ಹೋದಾಗ ಕೇಳಿದಳು: "ಮಕ್ಕಳಿಗೆ ನಾನ ವಿಷ ಸಾರಿಸಿ ಇಟ್ಟಿದ್ನೇನ್ರಿ, ಅಕ್ಕೋರ?"

"ಮಕ್ಕಳಿನ್ನೂ ಕುಂತಿದ್ದಿಲ್ಲಬೇ. ನೀ ಒಂದ ಕಡೆ ಕೂಡಿಸಿಟ್ಟಿದ್ದಕ್ಕ ಚೀಲಕ್ಕ ತುಂಬಾಕ ಬಂತು. ಊರ ತುಂಬ ಹರವಿದ್ರ ನಾ ಎಲ್ಲಂತ ಹುಡುಕ್ಲಿ?"

ಕಾಶವ್ವ ತಲೆಯಾಡಿಸಿದಳು. ಆದರೆ ಅಲ್ಲಿ ಮೊರ ಹಿಡಿದು ಕೂತಿದ್ದವಳು ಯಾರೆಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಅಕ್ಕೋರು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬಾ ಅಂದರು. ಆ ದಿನ ಕಾಶವ್ವ ನನ್ನನ್ನು ತನ್ನ ಎದೆಗೆ ಒತ್ತಿ ಹಿಡಿದು, "ಇಲ್ಲಿ ಏನಂತೈತಿ ಹೇಳು" ಅಂದಳು. ನಾನು ಎಂದಿನಂತೆ ಕಿಟ್ ಅಂದೆ, ತುಸು ತಡೆದು ಮತ್ತೆ ಕಿಟ್. ಹೊರಗೆ ಬರುವುದನ್ನು ಎಣಿಸಬಲ್ಲೆ. ಒಳಗೆ ಹೋಗಿ ಅದು ಏನು ಮಾಡಿದೆ, ಮುಂದೆ ಏನು ಮಾಡುತ್ತದೆ ಎಂಬುದು ನನ್ನ ಕಿವಿಗೆ ಕೇಳುವುದಿಲ್ಲ. ನನ್ನ ಜನ್ಮದಲ್ಲಿ ನನಗೆ ಅಷ್ಟು ಅಸಹಾಯಕ ಅನ್ನಿಸಿದ್ದು ಬೇರೆ ಯಾವತ್ತೂ ಇಲ್ಲ.

ದಸರೆ ಮುಗಿದು ಕೆಲವು ದಿನಗಳಾದ ಮೇಲೆ ಶಾಲೆ ತೆರೆಯಿತು. ಚನಮಲ್ಲಪ್ಪ ಮತ್ತೊಂದು ಸುತ್ತು ಕಚೇರಿ ಅಲೆದು ಅದನ್ನು ಉಳಿಸಿಕೊಂಡಿದ್ದ. ಕಾಯಲಾರದೆ ಕೆಲವು ಮನೆಯವರು ಮಕ್ಕಳನ್ನು ಪಟ್ಟಣಕ್ಕೆ ಒಯ್ದಿದ್ದರು. ಅವರು ಮರಳಿ ಬರಲಿಲ್ಲ. ಅಕ್ಕೋರಿಗೆ ಶಾಪ ಹಾಕಿದವರಲ್ಲಿ ಕೆಲವರು ಇಂದಿಗೂ ಆಕೆಯೊಡನೆ ಮಾತಾಡುವುದಿಲ್ಲ.

ವರ್ಷಗಳು ಉರುಳಿದವು. ನನ್ನ ಹಳದಿ ಬಣ್ಣ ಚಕ್ಕೆ ಎದ್ದಿತು, ಕಿವಿಯ ಅನಿಲ ಹಳತಾಯಿತು. ಇನ್ನು ಇದರ ಲೆಕ್ಕ ಸರ್ಕಾರಕ್ಕೆ ನಡೆಯದು ಎಂದರು. ನಿವೃತ್ತಳಾಗುವ ಮುಂಚೆ ಅಕ್ಕೋರು ನನ್ನನ್ನು ಕೆಂಚನದಿನ್ನಿ ಶಾಲೆಗೇ ಕೇಳಿ ಕೊಡಿಸಿದಳು. ಈಗ ನಾನು ವಿಜ್ಞಾನದ ಕಪಾಟಿನಲ್ಲಿ, ಅಚ್ಚು ಮುರಿದ ಭೂಗೋಳದ ಪಕ್ಕ ಇದ್ದೇನೆ.

ಈ ವರ್ಷ ಅಳೆಯಲು ಬಂದವಳು ಹೊಸ ಹುಡುಗಿ. ಅವಳ ಕೈಯಲ್ಲಿ ಮೊಬೈಲಿನಷ್ಟು ಸಣ್ಣ ಮಾಪಕ, ಅದರಲ್ಲಿ ಅಂಕಿ ಮಾತ್ರ ಮೂಡುತ್ತದೆ. ಕಾಶವ್ವನ ತಲೆ ಪೂರ್ತಿ ಬೆಳ್ಳಗಾಗಿದೆ. ಪ್ರತಿ ವರ್ಷ ದೊಡ್ಡಾಸ್ಪತ್ರೆಗೆ ಹೋಗಿಬರುತ್ತಾಳೆ. ಹೋಗುವ ಹಿಂದಿನ ದಿನ ಯಾರೊಡನೆಯೂ ಮಾತಾಡುವುದಿಲ್ಲ, ಬಂದ ದಿನ ಮಕ್ಕಳಿಗೆ ಸಿಹಿ ಸಜ್ಜಕ ಮಾಡುತ್ತಾಳೆ. ಅವಳು ಅಡುಗೆ ಕೋಣೆಯಿಂದ ಸೌಟು ಹಿಡಿದೇ ಬಂದು ಅಂಕಿ ಮೂಡುವ ಯಂತ್ರವನ್ನು ಬಗ್ಗಿ ನೋಡಿದಳು.

"ಇದಕ್ಕ ಬಾಯಿಲ್ಲೇನವಾ?"

"ಬೇಕಾಗಿಲ್ಲಜ್ಜಿ. ನಂಬರ ಬರ್ತೈತಿ. ಭಾಳ ಕಡಿಮಿ ಐತಿ, ಅಂಜಬ್ಯಾಡ್ರಿ."

"ನಿನ್ನ ನಂಬರ ಖರೇ ಇದ್ದೀತು. ಆದರ ನಮ್ಮ ಸಾಲ್ಯಾಗ ದನಿ ಕೇಳಿ ಅಳೀತಾರ." ಕಪಾಟಿನಿಂದ ನನ್ನನ್ನು ತೆಗೆಸಿದಳು. ಗೋಡೆ ಗಡಿಯಾರದ ಸೆಲ್ ಬಿಚ್ಚಿಸಿ ನನಗೆ ಹಾಕಿಸಿದಳು.

ನನಗೆ ಭಯವಾಯಿತು. ಸುಮ್ಮನಿದ್ದರೆ ಅದು ನೆಲ ಚೊಕ್ಕವಾದದ್ದಕ್ಕೋ, ನನ್ನ ಕಿವಿ ಕೆಟ್ಟದ್ದಕ್ಕೋ? ನನಗೇ ತಿಳಿಯದಿದ್ದರೆ ಅವಳಿಗೆ ಹೇಗೆ ತಿಳಿಯಬೇಕು?

ಕಾಶವ್ವ ನೇರ ಮೂಲೆಗೆ ಹೋಗಲಿಲ್ಲ. ಮೊದಲು ಸಾಹುಕಾರನ ಕೆಂಪು ಮೆಟ್ಟಿಲ ಮೇಲೆ ನನ್ನನ್ನಿಟ್ಟು ಕಿವಿಗೊಟ್ಟಳು. ಕಿಟ್, ಕಿಟಿಕಿಟ್, ಕಿಟ್. ಕುಗ್ಗಿದ ದನಿ, ಆದರೂ ಹಳೆಯ ನೆಂಟನ ಗುರುತು ಸಿಕ್ಕಿತು.

"ಕಿವಿ ಇನ್ನೂ ಐತಿ ಮುದುಕಗ," ಅಂದಳು.

ಆಮೇಲೆ ಮೂಲೆಗೆ ಒಯ್ದಳು. ಅಲ್ಲೀಗ ಹೊಸ ಹಾಸುಗಲ್ಲು ಇದೆ. ತಟ್ಟೆ ಹಿಡಿದ ಸಣ್ಣ ಮಕ್ಕಳು ಸಾಲಾಗಿ ನಿಂತಿದ್ದರು, ಒಬ್ಬರೂ ಕೂತಿರಲಿಲ್ಲ. ಅವಳು ಮೊಣಕಾಲೂರಿ ನನ್ನನ್ನು ನೆಲಕ್ಕೆ ತಾಗಿಸಿ ಕಣ್ಣು ಮುಚ್ಚಿದಳು. ಕಿಟ್. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು ಕಿಟ್. ಅವಳು ಇನ್ನೂ ಕಾದಳು. ಅಷ್ಟು ತಾಳ್ಮೆಯಿಂದ ಕಾದವರನ್ನು ನಾನು ಕಂಡಿಲ್ಲ.

"ಹೂಂ, ಕೂಡ್ರಿ ಈಗ," ಅಂದಳು. ಮಕ್ಕಳು ಕೂತರು. ಅವಳು ಅನ್ನ ಬಡಿಸತೊಡಗಿದಳು.

ನನ್ನನ್ನು ಕಪಾಟಿಗೆ ಮರಳಿಸಿದರು. ಸೆಲ್ ತೆಗೆಯುವುದನ್ನು ಮರೆತಿದ್ದಾರೆ. ಗೋಡೆಯ ಗಡಿಯಾರ ನಿಂತಿದೆ, ನಾನು ಕಿಟ್ ಅನ್ನುತ್ತಿದ್ದೇನೆ.